ಅಜ್ಜನಿಗೇಕೆ ವ್ಯಾಯಾಮ?

ವ್ಯಾಯಾಮವೆಂದರೆ ಹುಡುಗರ ಬಾಬತ್ತು ಎಂಬ ಭಾವನೆ ನಮ್ಮಲ್ಲಿ ಬಹಳ ಕಾಲ ಇತ್ತು. ಗರಡಿ ಮನೆಗೆ ಹೋಗುತ್ತಿದ್ದವರು ಮೀಸೆ ಚಿಗುರುವ ಪ್ರಾಯದವರು. ಅರವತ್ತು ದಾಟಿದವರು ದಂಡ ಹೊಡೆಯುತ್ತೇನೆಂದರೆ ಊರೇ ನಗುತ್ತಿತ್ತು. ಅವರ ಪಾಲಿಗೆ ಜಗುಲಿ, ಕವಳದ ಬಟ್ಟಲು ಮತ್ತು ‘ವಿಶ್ರಾಂತಿ’.

ಹಾಗೆಂದು ಹಿಂದಿನವರೆಲ್ಲ ಕುಳಿತೇ ಮುದುಕರಾದರೆಂದಲ್ಲ. ಯಲ್ಲಾಪುರ ತಾಲೂಕಿನ ನಂದೊಳ್ಳಿಯಂಥ ಅಡಿಕೆ ಸೀಮೆಯ ಊರುಗಳನ್ನೇ ನೋಡಿ. ಈ ಸೀಮೆಯಲ್ಲಿ ತೋಟ ಸಾಮಾನ್ಯವಾಗಿ ಕಣಿವೆಯ ತಳದಲ್ಲಿ, ಮನೆ ಅದರ ಮೇಲೆ, ಸೊಪ್ಪಿನ ಬೆಟ್ಟ ಇನ್ನೂ ಮೇಲೆ. ತೋಟಕ್ಕೆ ಸೊಪ್ಪು, ದರಕು ಬೇಕೆಂದು ಬ್ರಿಟಿಷರ ಕಾಲದ ಅರಣ್ಯ ವ್ಯವಸ್ಥೆಯಲ್ಲಿ ಘಟ್ಟದ ಮೇಲಿನ ತಾಲೂಕುಗಳಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದರು. ಅಂದರೆ ಒಂದು ತೋಟ ಬದುಕಬೇಕಾದರೆ ಯಾರಾದರೂ ಹತ್ತಿ ಇಳಿಯುತ್ತಲೇ ಇರಬೇಕು. ಎಪ್ಪತ್ತರ ಯಜಮಾನರೂ ಉದುರಿದ ಅಡಿಕೆ ಹೆಕ್ಕಲು ತೋಟಕ್ಕಿಳಿಯುತ್ತಿದ್ದರು. ಅಜ್ಜಿಯರು ನೆಲಕ್ಕೆ ಕುಳಿತು ಅಡಿಕೆ ಸುಲಿದು, ಮತ್ತೆ ತಾವೇ ಏಳುತ್ತಿದ್ದರು.

ಇದನ್ನು ಹೊಗಳುವ ಭರದಲ್ಲಿ ಒಂದು ಮಾತು ಮರೆಯಬಾರದು. ಸೊಪ್ಪಿನ ಹೊರೆ ಹೊತ್ತವರು ಹೆಚ್ಚಾಗಿ ಕೂಲಿಯವರು. ದಣಿದಾಗ ನಿಲ್ಲಿಸುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ದುಡಿಮೆ ಬೇರೆ, ವ್ಯಾಯಾಮ ಬೇರೆ.

ಮೈಸೂರಿನ ಕಥೆಯೂ ಹುಡುಗರಿಂದಲೇ ಆರಂಭ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದ ತಿರುಮಲೆ ಕೃಷ್ಣಮಾಚಾರ್ಯರು ಮೊದಲು ಕಲಿಸಿದ್ದು ಅರಸು ಮನೆತನದ ಬಾಲಕರಿಗೆ. ಮರುವರ್ಷ ಅವರ ‘ಯೋಗ ಮಕರಂದ’ ಕನ್ನಡದಲ್ಲೇ ಹೊರಬಂತು. ಮುಂದೆ ಮದರಾಸಿಗೆ ಹೋದ ಮೇಲೆ ಅವರ ಪಾಠದ ರೀತಿಯೇ ಬದಲಾಯಿತು. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಅವರವರ ವಯಸ್ಸು, ಕಾಯಿಲೆ ನೋಡಿ ಆಸನ ಹೇಳಿಕೊಟ್ಟರು. ತೊಂಬತ್ತಾರರಲ್ಲಿ ಸೊಂಟದ ಮೂಳೆ ಮುರಿದಾಗ ಶಸ್ತ್ರಚಿಕಿತ್ಸೆ ಬೇಡವೆಂದು, ಹಾಸಿಗೆಯಲ್ಲೇ ಮಾಡಬಹುದಾದ ಅಭ್ಯಾಸವನ್ನು ತಾವೇ ರೂಪಿಸಿಕೊಂಡರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. (ಎಲ್ಲರೂ ಅನುಸರಿಸುವ ಮಾತಲ್ಲ ಅದು!) 1989ರಲ್ಲಿ ತೀರಿಕೊಂಡಾಗ ಅವರಿಗೆ ನೂರು ತುಂಬಿತ್ತು.

ಅವರದು ಅಸಾಮಾನ್ಯ ದೇಹವೆಂದು ತಳ್ಳಿಹಾಕಬಹುದಿತ್ತು. ಆದರೆ ಮರುವರ್ಷವೇ, 1990ರಲ್ಲಿ, ಅಮೆರಿಕದ ಬಾಸ್ಟನ್ನಿನಿಂದ ಒಂದು ವರದಿ ಬಂತು. ಅಲ್ಲಿನ ವೃದ್ಧಾಶ್ರಮದಲ್ಲಿದ್ದ ತೊಂಬತ್ತರ ಆಸುಪಾಸಿನ 10 ಮಂದಿಯಿಂದ ವೈದ್ಯರು ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದ್ದರು. ಕೊನೆಯವರೆಗೆ ಉಳಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ಮುಪ್ಪಿನಲ್ಲಿ ಸ್ನಾಯು ಕರಗುವುದು ನಿಜ, ಆದರೆ ಕೆಲಸ ಕೊಟ್ಟರೆ ಅದು ತಿರುಗಿ ಬೆಳೆಯುತ್ತದೆ ಎಂಬುದು ಅಲ್ಲಿ ರುಜುವಾತಾಯಿತು. ಈಗ ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ನಡಿಗೆಯಂಥ ಚಟುವಟಿಕೆ ಹೇಳುತ್ತದೆ. ಜೊತೆಗೆ ಮೂರು ದಿನ ಸಮತೋಲ ಮತ್ತು ಬಲದ ವ್ಯಾಯಾಮವನ್ನೂ ಸೇರಿಸುತ್ತದೆ.

ಜನ ಮರೆಯುವುದು ಈ ಸಮತೋಲವನ್ನೇ. ಇಂದು ಮಲೆನಾಡಿನಲ್ಲಿ ಅಡಿಕೆ ಸುಲಿಯಲು ಯಂತ್ರವಿದೆ, ತೋಟದ ದಣಪೆಯವರೆಗೂ ಬೈಕು ಹೋಗುತ್ತದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಇಬ್ಬರೇ ಇರುವ ಮನೆಯಲ್ಲಿ, ಮಳೆಗಾಲದ ಪಾಚಿಗಟ್ಟಿದ ಅಂಗಳದಲ್ಲಿ ಒಮ್ಮೆ ಜಾರಿದರೆ ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ. ಇದಕ್ಕೆ ಜಿಮ್ಮು ಬೇಡ. ವೈದ್ಯರನ್ನೊಮ್ಮೆ ಕೇಳಿಕೊಂಡು, ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಜಗುಲಿಯ ಕಂಬ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು ಸಾಕು, ಆರಂಭಕ್ಕೆ.