ಸೊಸೈಟಿಗೆ, ಸೊಸೈಟಿಯಿಂದ

ಗೊಟ್ಟಿಗೆರೆಯಲ್ಲಿ 'ಸೊಸೈಟಿ ಎಲ್ಲಿದೆ?' ಎಂದು ಕೇಳಿದರೆ ಸಿಗುವ ಉತ್ತರ ನೀವು ಯಾರನ್ನು ಕೇಳಿದಿರಿ ಎಂಬುದರ ಮೇಲೆ ನಿಂತಿದೆ. ಊರು ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಇಲ್ಲಿರುವ ಮನೆತನದವರು ರೇಷನ್ ಅಂಗಡಿಯ ದಿಕ್ಕು ತೋರಿಸುತ್ತಾರೆ. ಲೇಔಟಿನಲ್ಲಿ ಮನೆ ಕಟ್ಟಿಕೊಂಡ ನಿವೃತ್ತ ನೌಕರರಿಗೆ ಅದು ಸೈಟು ಹಂಚುವ ಗೃಹನಿರ್ಮಾಣ ಸಹಕಾರ ಸಂಘ. ಬನ್ನೇರುಘಟ್ಟ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ, ಅದರಲ್ಲೂ ಉತ್ತರದಿಂದ ಬಂದು ನೆಲೆಸಿದವರ ಬಾಯಲ್ಲಿ, ಇಡೀ ವಸತಿ ಸಮುಚ್ಚಯವೇ ಸೊಸೈಟಿ. ರಾಗಿ ಹೊಲವಿದ್ದ ದಿನಗಳನ್ನು ಕಂಡ ಅಜ್ಜಿಯರಿಗೆ ಬೆಳಗಿನ ಜಾವ ಹಾಲು ಅಳೆಸಿಕೊಂಡ ಜಾಗವೂ ಸೊಸೈಟಿಯೇ. ಈ ಪದಕ್ಕೆ ಇನ್ನೊಂದು ಅರ್ಥವಿದೆ, ನನಗೆ ಬಹಳ ಪ್ರಿಯವಾದದ್ದು: ಫಿಲಂ ಸೊಸೈಟಿ. ಅದನ್ನು ಹುಡುಕಿಕೊಂಡು ಮಾತ್ರ ಗೊಟ್ಟಿಗೆರೆಯವರು ಬನಶಂಕರಿಯವರೆಗೆ ಹೋಗಬೇಕು.

ಇಂಗ್ಲಿಷಿನಿಂದ ಬಂದ ಎಷ್ಟೋ ಪದಗಳು ಪೇಟೆಯಲ್ಲೇ ಉಳಿದವು. ಇದು ಹಾಗಲ್ಲ, ಹಳ್ಳಿಯ ದಾರಿಯಿಂದಲೇ ಕನ್ನಡಕ್ಕೆ ಬಂತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅದರಡಿ ಕೃಷಿ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಅದನ್ನೇ ಹೇಳುತ್ತಾರೆ. ಸಾಹುಕಾರನ ಬಡ್ಡಿಗೆ ಬೆನ್ನು ಬಾಗಿದ್ದ ರೈತನಿಗೆ ಈ ಪದದ ಜೊತೆ ಬಂದದ್ದು ಸಾಲ, ಬೀಜ, ಗೊಬ್ಬರ. 'ಸಹಕಾರ ಸಂಘ' ಬೋರ್ಡಿನ ಮೇಲೆ ಉಳಿಯಿತು, 'ಸೊಸೈಟಿ' ನಾಲಿಗೆಯ ಮೇಲೆ ಕೂತಿತು. ಸೊಸೈಟಿ ಸಾಲ, ಸೊಸೈಟಿ ಅಕ್ಕಿ, ಸೊಸೈಟಿ ಸೀಮೆಎಣ್ಣೆ, ಸೊಸೈಟಿ ಎಲೆಕ್ಷನ್ ಎಂದೆಲ್ಲ ಹೇಳುವವರಿಗೆ ಇದು ಪರಭಾಷೆಯ ಪದ ಎಂಬ ನೆನಪೂ ಇರುವುದಿಲ್ಲ.

ಆದರೆ ಈ ಪದ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಅದಕ್ಕೆ ಹತ್ತುವ ವಿಭಕ್ತಿಯನ್ನು ಕೇಳಿಸಿಕೊಳ್ಳಬೇಕು. 'ಸೊಸೈಟಿಗೆ ಹಾಲು ಹಾಕಿ ಬಂದೆ' ಅನ್ನುತ್ತಾರೆ. 'ಸೊಸೈಟಿಯಿಂದ ಅಕ್ಕಿ ತಂದೆ' ಅಂತಲೂ ಅನ್ನುತ್ತಾರೆ. ಒಂದರಲ್ಲಿ ಕೊಡುವವರು ನಾವು, ಇನ್ನೊಂದರಲ್ಲಿ ಪಡೆಯುವವರು. ಹಾಲಿನ ಸೊಸೈಟಿಯಲ್ಲಿ ಒಂದು ಎಮ್ಮೆಯವಳ ಹಾಲೂ ಹತ್ತು ಹಸುವಿನ ಗೌಡರ ಹಾಲೂ ಅದೇ ಕ್ಯಾನಿಗೆ ಬೀಳುತ್ತದೆ, ಇಬ್ಬರ ಹಾಲಿನ ಕೊಬ್ಬನ್ನೂ ಅದೇ ಅಳತೆಯಲ್ಲಿ ನೋಡುತ್ತಾರೆ. ರೇಷನ್ ಸೊಸೈಟಿಯಲ್ಲಿ ಸಾಲು ನಿಂತು ಪಾಲು ತರುತ್ತೇವೆ, ಪಕ್ಕದಲ್ಲಿ ನಿಂತವರ ಹೆಸರು ಕೇಳಬೇಕಿಲ್ಲ. ಎರಡೂ ಬೇಕು, ಹಸಿದವರಿಗೆ ಎರಡನೆಯದೇ ಮೊದಲು ಬೇಕು. ಆದರೆ ಫಿಲಂ ಸೊಸೈಟಿ ಎಂಬುದರ ಜೀವ ಇರುವುದು ಆ 'ಗೆ' ಪ್ರತ್ಯಯದಲ್ಲಿ. ಸಿನಿಮಾ ನೋಡಿ ಎದ್ದುಹೋದರೆ ಅದು ಸೊಸೈಟಿಯಿಂದ ತಂದದ್ದು. ದೀಪ ಹತ್ತಿದ ಮೇಲೆ ಕೂತು, ತನಗೆ ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳಿ, ಬೇರೆಯವರಿಗೆ ಕಂಡದ್ದನ್ನು ಕೇಳಿಸಿಕೊಂಡರೆ ಅದು ಸೊಸೈಟಿಗೆ ಹಾಕಿದ್ದು.

ಹಾಲಿನ ಸೊಸೈಟಿಯೂ ಸಿನಿಮಾವೂ ನಿಜವಾಗಿ ಕೂಡಿದ್ದು ಶ್ಯಾಮ್ ಬೆನೆಗಲ್ ಅವರ 'ಮಂಥನ'ದಲ್ಲಿ. 1976ರ ಆ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. 10 ಲಕ್ಷದಲ್ಲಿ ಸಿನಿಮಾ ಆಯಿತು. ವರ್ಗೀಸ್ ಕುರಿಯನ್ ಅವರ ಹಾಲಿನ ಚಳವಳಿಯೇ ಕತೆ, ವಿಜಯ್ ತೆಂಡೂಲ್ಕರ್ ಚಿತ್ರಕಥೆ, ಹಳ್ಳಿಗೆ ಬಂದು ಸೊಸೈಟಿ ಕಟ್ಟಲು ಹೆಣಗುವ ಪಶುವೈದ್ಯನ ಪಾತ್ರದಲ್ಲಿ ನಮ್ಮ ಗಿರೀಶ ಕಾರ್ನಾಡ. ಆ ಚಿತ್ರದಲ್ಲಿ ಹಳ್ಳಿಯವರು 'ಸೊಸೈಟಿ' ಎಂಬ ಪದವನ್ನು ತಮ್ಮ ಬಾಯಿಗೆ ಬೇಕಾದಂತೆ ಬಗ್ಗಿಸಿಕೊಳ್ಳುತ್ತಾರೆ. ಮೊದಲು ಅದು ಪೇಟೆಯವನು ಹೊತ್ತು ತಂದ ಪದ. ನಾಸಿರುದ್ದೀನ್ ಶಾ ಮಾಡಿದ ಭೋಲಾ ಅದು ನಮ್ಮದು ಎಂದುಕೊಂಡ ಮೇಲೆ ಊರೇ ತಿರುಗುತ್ತದೆ. ಒಂದು ಪದ ಸ್ವಂತವಾಗುವುದನ್ನೇ ಕತೆಯ ಬೆನ್ನೆಲುಬಾಗಿ ಮಾಡಿಕೊಂಡ ಬೇರೊಂದು ಭಾರತೀಯ ಚಿತ್ರ ನನಗೆ ತೋಚುವುದಿಲ್ಲ. ತೆರೆಕಂಡಾಗ ರೈತರು ಲಾರಿಗಳಲ್ಲಿ ಬಂದು ತಮ್ಮದೇ ಸಿನಿಮಾ ನೋಡಿದರು. ಚಿತ್ರ ಪುನರುಜ್ಜೀವನಗೊಂಡು 2024ರಲ್ಲಿ ಕಾನ್ ಉತ್ಸವದಲ್ಲಿ ಪ್ರದರ್ಶನವಾಯಿತು. ಬೆನೆಗಲ್ ಕೂಡ ವಿದ್ಯಾರ್ಥಿ ದಿನಗಳಲ್ಲಿ ಹೈದರಾಬಾದಿನಲ್ಲಿ ಫಿಲಂ ಸೊಸೈಟಿ ಕಟ್ಟಿದವರೇ. ನೋಡುಗರಿಂದ ತಲಾ 2 ರೂಪಾಯಿ ಪಡೆದು ಸಿನಿಮಾ ಮಾಡುವ ಧೈರ್ಯಕ್ಕೆ, ನೋಡುಗರ ಜೊತೆ ಕೂತು ಸಿನಿಮಾ ನೋಡಿದ ಅಭ್ಯಾಸವೂ ಬಲ ಕೊಟ್ಟಿರಬೇಕು ಎಂದು ನಾನು ನಂಬುತ್ತೇನೆ.

ಫಿಲಂ ಸೊಸೈಟಿಯ ಮೂಲ ಲಂಡನ್ನಿನಲ್ಲಿ ಎನ್ನಬಹುದು. 1925ರಲ್ಲಿ ಅಲ್ಲಿ ಫಿಲಂ ಸೊಸೈಟಿ ಹುಟ್ಟಿತು. ಬರ್ನಾರ್ಡ್ ಷಾ, ಎಚ್.ಜಿ. ವೆಲ್ಸ್ ಅಂಥವರು ಅದರ ಬೆನ್ನಿಗಿದ್ದರು. ಸಾರ್ವಜನಿಕ ಪ್ರದರ್ಶನಕ್ಕೆ ನಿಷೇಧವಿದ್ದ ಐಸೆನ್‌ಸ್ಟೈನರ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ಅನ್ನು 1929ರಲ್ಲಿ ಅಲ್ಲಿನ ಸದಸ್ಯರು ನೋಡಿದರು, ಸ್ವತಃ ಐಸೆನ್‌ಸ್ಟೈನ್ ಬಂದಿದ್ದರು. ಅದೇ ಕಾರ್ಯಕ್ರಮದಲ್ಲಿ ಜಾನ್ ಗ್ರಿಯರ್‌ಸನ್ ಅವರ ಮೀನುಗಾರರ ಸಾಕ್ಷ್ಯಚಿತ್ರ 'ಡ್ರಿಫ್ಟರ್ಸ್' ಕೂಡ ಇತ್ತು. ನಮ್ಮಲ್ಲಿ 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮತ್ತು ಗೆಳೆಯರು ಕಲ್ಕತ್ತಾ ಫಿಲಂ ಸೊಸೈಟಿ ಶುರುಮಾಡಿದರು. 'ಪಥೇರ್ ಪಾಂಚಾಲಿ' ಬಂದದ್ದು ಅದಾದ 8 ವರ್ಷಕ್ಕೆ. 1959ರಲ್ಲಿ ದೇಶದ ಫಿಲಂ ಸೊಸೈಟಿಗಳ ಒಕ್ಕೂಟವಾಯಿತು, ಅದರ ಅಧ್ಯಕ್ಷರೂ ರಾಯ್ ಅವರೇ.

ಬೆಂಗಳೂರಿನ ಸುಚಿತ್ರಾ ಫಿಲಂ ಸೊಸೈಟಿ ಹುಟ್ಟಿದ್ದು 1971ರಲ್ಲಿ. ಆ ಇಸವಿಯನ್ನು ಕನ್ನಡ ಸಿನಿಮಾದ ಪಕ್ಕ ಇಟ್ಟು ನೋಡಬೇಕು. ಅದರ ಹಿಂದಿನ ವರ್ಷವಷ್ಟೇ ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' ಬಂದಿತ್ತು. ಸೆನ್ಸಾರಿನಲ್ಲಿ ಸಿಕ್ಕಿಬಿದ್ದು ಹೊರಬಂದು ಸ್ವರ್ಣ ಕಮಲ ಪಡೆದಿತ್ತು. ಅನಂತಮೂರ್ತಿಯವರ ಕಾದಂಬರಿ, ಕಾರ್ನಾಡರ ಚಿತ್ರಕಥೆ, ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್, ತೆರೆಯ ಮೇಲೆ ಕಾರ್ನಾಡ, ಲಂಕೇಶ, ಸ್ನೇಹಲತಾ ರೆಡ್ಡಿ. ಅದರ ಬೆನ್ನಿಗೇ 'ವಂಶವೃಕ್ಷ', 'ಕಾಡು', 'ಚೋಮನ ದುಡಿ', 1977ಕ್ಕೆ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'. ಇಂಥ ಚಿತ್ರಗಳನ್ನು ಮಾಡುವವರು ಹುಟ್ಟಿದರೆ ಸಾಲದು, ನೋಡುವವರೂ ಹುಟ್ಟಬೇಕು. ಬೆಂಗಳೂರಿನಲ್ಲಿ ಆ ನೋಡುಗರನ್ನು ಬೆಳೆಸಿದ ಕೆಲಸದಲ್ಲಿ ಸುಚಿತ್ರಾದ ಪಾಲು ದೊಡ್ಡದು. ಬನಶಂಕರಿ ಎರಡನೇ ಹಂತದ ಅದರ ಸ್ವಂತ ಕಟ್ಟಡಕ್ಕೆ ಅಡಿಗಲ್ಲಿಟ್ಟವರು ಸತ್ಯಜಿತ್ ರಾಯ್. ಈಗ ಸರ್ಕಾರದ ಚಲನಚಿತ್ರ ಅಕಾಡೆಮಿ ನಡೆಸುವ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ 2006ರಲ್ಲಿ ಮೊಳೆತದ್ದೂ ಸುಚಿತ್ರಾದವರ ಉತ್ಸಾಹದಿಂದ. 'ಸುಚಿತ್ರಾದಲ್ಲಿ ಇವತ್ತು ಏನಿದೆ?' ಎಂಬುದು ದಕ್ಷಿಣ ಬೆಂಗಳೂರಿನ ಎಷ್ಟೋ ಮನೆಗಳ ಸಂಜೆಯ ಪ್ರಶ್ನೆಯಾಗಿತ್ತು. ಹೆಸರು ಮನೆಮಾತಾದಾಗ 'ಫಿಲಂ ಸೊಸೈಟಿ' ಎಂಬ ಬಾಲ ಕಳಚಿಬಿದ್ದದ್ದು ನನಗೆ ಪ್ರೀತಿಯ ಗುರುತಾಗಿಯೇ ಕಾಣುತ್ತದೆ.

ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಬೇರೆ ಪದ ಹಿಡಿದರು. 1973ರಲ್ಲಿ ತಮ್ಮ ರಂಗಸಂಘ ನೀನಾಸಂ ಅಡಿಯಲ್ಲಿ ಹುಟ್ಟಿದ ಸಂಸ್ಥೆಗೆ ಅವರಿಟ್ಟ ಹೆಸರು ಚಿತ್ರಸಮಾಜ. ಸೊಸೈಟಿ ಎಂದರೆ ಚಂದಾ ಕೊಟ್ಟ ಕೆಲವರು. ಸಮಾಜ ಎಂದರೆ ಊರಿಗೆ ಊರೇ. ಅಡಿಕೆ ತೋಟದಿಂದ, ಗದ್ದೆಯಿಂದ ಬಂದವರು ರಾಯ್, ಕುರೊಸಾವಾ ಅವರ ಚಿತ್ರಗಳನ್ನು ನೋಡಿದರು, ಅವುಗಳ ಬಗ್ಗೆ ಕನ್ನಡದಲ್ಲೇ ಮಾತಾಡಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾದೀತೇ ಎಂದು ಕೇಳಿದವರಿಗೆ ಸುಬ್ಬಣ್ಣನವರ ಉತ್ತರ ಆ ಕೆಲಸವೇ ಆಗಿತ್ತು. ಎಂಬತ್ತರ ದಶಕದಲ್ಲಿ 'ಜನಸ್ಪಂದನ'ದ ಮೂಲಕ ಅದನ್ನು ಬೇರೆ ಊರುಗಳಿಗೂ ಒಯ್ದರು. ಕ್ಯಾಮೆರಾದ ಚಲನೆ, ಸಂಕಲನ, ಬೆಳಕು ಇವನ್ನು ಕುರಿತು ಅಳುಕಿಲ್ಲದೆ ಮಾತಾಡಬಲ್ಲ ಕನ್ನಡ ರೂಪುಗೊಂಡದ್ದರ ಹಿಂದೆ ಹೆಗ್ಗೋಡಿನ ಶಿಬಿರಗಳಿವೆ. ಚಿತ್ರಸಮಾಜ ಎಂಬ ಪದ ನಾಡಿನ ಉದ್ದಗಲಕ್ಕೆ ಹಬ್ಬಲಿಲ್ಲ ಎಂಬುದು ನನ್ನ ಕೊರಗು. ಅಷ್ಟು ಅಗಲವಾದ ಹೆಸರು ಬೇರೊಂದಿಲ್ಲ.

ಫಿಲಂ ಸೊಸೈಟಿಗಳು ಸೊರಗಿದ ಕತೆಯನ್ನೂ ಇದೇ ವಿಭಕ್ತಿಯಿಂದ ಓದಬಹುದು. ಸದಸ್ಯರಿಗಷ್ಟೇ ತೋರಿಸುವ ಚಿತ್ರಗಳಿಗೆ ಸರ್ಕಾರ ಸೆನ್ಸಾರ್‌ನಿಂದ ವಿನಾಯಿತಿ ಕೊಟ್ಟಿತ್ತು. ಒಳ್ಳೆಯ ಚಿತ್ರ ಕತ್ತರಿಯಿಲ್ಲದೆ ಸಿಗಲಿ ಎಂಬುದು ಉದ್ದೇಶ. ಕತ್ತರಿ ಬೀಳದ ದೃಶ್ಯಕ್ಕಾಗಿಯೇ ಸದಸ್ಯರಾದವರು ಎಷ್ಟೋ ಕಡೆ ಇದ್ದರು. ಅವರು ಸೊಸೈಟಿಯಿಂದ ತರಲು ಬಂದವರು. ದೀಪ ಹತ್ತಿದೊಡನೆ ಹೊರಟರು. ಆಮೇಲೆ ಟಿ.ವಿ. ಬಂತು, ವಿಡಿಯೊ ಕ್ಯಾಸೆಟ್ ಬಂತು, ತರಲು ಬರುವವರಿಗೆ ಮನೆಯೇ ಸಾಕಾಯಿತು. ರಾಯಭಾರ ಕಚೇರಿಗಳಿಂದ, ಮ್ಯಾಕ್ಸ್‌ಮುಲ್ಲರ್ ಭವನದಿಂದ, ಪುಣೆಯ ಚಿತ್ರಾಗಾರದಿಂದ 16 ಎಂ.ಎಂ. ರೀಲು ತರಿಸಿ, ಪ್ರೊಜೆಕ್ಟರ್ ಹೊತ್ತು ತಂದು, ಕುರ್ಚಿ ಜೋಡಿಸಿದವರು ಮಾತ್ರ ಉಳಿದುಕೊಂಡರು. ಹಾಕಲು ಬಂದವರಿಂದಲೇ ಸೊಸೈಟಿ ಉಳಿದದ್ದು.

ಈಗ ಮನೆಮನೆಗೂ ಸಿನಿಮಾದ ರೇಷನ್ ಬರುತ್ತದೆ, ತಿಂಗಳ ಹಣ ಕಟ್ಟಿದರೆ ಅಂಗೈಯಲ್ಲೇ ಕುರೊಸಾವಾ ಸಿಗುತ್ತಾರೆ. ಅದರ ಬಗ್ಗೆ ನನಗೆ ತಕರಾರಿಲ್ಲ. ಒಂದು ಕಾಲಕ್ಕೆ ಒಂದು ಪ್ರಿಂಟಿಗಾಗಿ ತಿಂಗಳುಗಟ್ಟಲೆ ಕಾದವರು ಇದನ್ನು ವರವೆಂದೇ ಕರೆದಾರು. ಕಳೆದುಹೋದದ್ದು ಸಿನಿಮಾ ಅಲ್ಲ, ಸಿನಿಮಾದ ನಂತರದ ಅರ್ಧ ಗಂಟೆ. ಪ್ರೇಮಾ ಕಾರಂತರ 'ಫಣಿಯಮ್ಮ'ನನ್ನು ಒಬ್ಬರೇ ನೋಡಿದರೆ ಕಣ್ಣು ತೇವವಾಗುತ್ತದೆ. ಎಪ್ಪತ್ತು ದಾಟಿದ ಹೆಣ್ಣುಮಗಳೊಬ್ಬರು ಪಕ್ಕದಲ್ಲಿ ಕೂತು, ಅಂಥ ತಲೆಬೋಳಿಸಿದ ಬಾಲವಿಧವೆಯೊಬ್ಬರು ತಮ್ಮ ಮನೆಯಲ್ಲೂ ಇದ್ದರೆಂದು ಹೇಳತೊಡಗಿದಾಗ ಚಿತ್ರ ಎರಡನೇ ಸಲ ಶುರುವಾಗುತ್ತದೆ. ಪ್ರತಿಕ್ರಿಯೆಯನ್ನು ಐದು ನಕ್ಷತ್ರಗಳಲ್ಲಿ ಅಳೆಯುವ ಯಾವ ವ್ಯವಸ್ಥೆಯೂ ಆ ಮಾತಿಗೆ ಜಾಗ ಕೊಡಲಾರದು.

ಹಾಕುವ ಗುಣ ನಮ್ಮಲ್ಲಿ ಸತ್ತಿಲ್ಲ ಎನ್ನುವುದಕ್ಕೆ 'ಲೂಸಿಯಾ' ಸಾಕ್ಷಿ. ಪವನ್ ಕುಮಾರ್ ಆ ಚಿತ್ರಕ್ಕೆ ನಿರ್ಮಾಪಕರು ಸಿಗದಾಗ ನೇರ ನೋಡುಗರನ್ನೇ ಕೇಳಿದರು. ಸುಮಾರು 50 ಲಕ್ಷ ರೂಪಾಯಿ ಕೂಡಿಬಂತು, 2013ರಲ್ಲಿ ಚಿತ್ರ ತೆರೆಗೆ ಬಂತು. ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗನ ಕತೆಗೆ ನೋಡುಗರೇ ಬಂಡವಾಳ ಹಾಕಿದರು. ಕೇರಳದಲ್ಲಿ ನಿರ್ದೇಶಕ ಜಾನ್ ಅಬ್ರಹಾಂ ಮತ್ತು ಒಡೆಸ್ಸಾ ತಂಡದ ಗೆಳೆಯರು 1986ರಲ್ಲಿ 'ಅಮ್ಮ ಅರಿಯಾನ್' ಮಾಡಿದ್ದೂ ಜನರಿಂದ ಚಿಲ್ಲರೆ ಚಿಲ್ಲರೆಯಾಗಿ ಕೂಡಿಸಿದ ಹಣದಲ್ಲೇ.

ಇನ್ನು ಗೊಟ್ಟಿಗೆರೆಯ ಮಾತು. ಇಲ್ಲಿ ಸಿನಿಮಾಕ್ಕೆ ಬರವಿಲ್ಲ, ಹುಳಿಮಾವಿನ ಮಾಲ್ ಪಕ್ಕದಲ್ಲೇ ಇದೆ, ಬನ್ನೇರುಘಟ್ಟ ರಸ್ತೆಯಲ್ಲಿ ಮುಂದೆ ಹೋದರೆ ಇನ್ನೂ ಪರದೆಗಳಿವೆ. ಮೆಟ್ರೊ ಗುಲಾಬಿ ಮಾರ್ಗದ ದಕ್ಷಿಣದ ತುದಿ ಕಾಳೇನ ಅಗ್ರಹಾರದಲ್ಲಿ, ನಮ್ಮ ಬಾಗಿಲಲ್ಲೇ. ಆದರೂ ಕೆಲಸ ಮುಗಿಸಿ ಬಂದವರು ಸಂಜೆಯ ಟ್ರಾಫಿಕ್ಕಿನಲ್ಲಿ ಬನಶಂಕರಿಗೆ ಹೋಗಿ ರಾತ್ರಿ ಮರಳುವುದು ಕಷ್ಟ. ವಯಸ್ಸಾದವರಿಗಂತೂ ಆಗದ ಮಾತು. ಅದೇ ಹೊತ್ತಿಗೆ ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಹುಟ್ಟುಹಬ್ಬಕ್ಕೂ ಗಣೇಶೋತ್ಸವಕ್ಕೂ ಮಾತ್ರ ತೆರೆಯುವ ಸಭಾಂಗಣಗಳಿವೆ, ಪ್ರೊಜೆಕ್ಟರುಗಳಿವೆ. ಕನ್ನಡ, ತಮಿಳು, ತೆಲುಗು, ಬಂಗಾಳಿ, ಹಿಂದಿ ಮಾತಾಡುವವರು ಒಂದೇ ಲಿಫ್ಟಿನಲ್ಲಿ ಮಾತಿಲ್ಲದೆ ಇಳಿದುಹೋಗುತ್ತಾರೆ. ಅವರನ್ನು 'ಘಟಶ್ರಾದ್ಧ'ದ ಎದುರು ಒಟ್ಟಿಗೆ ಕೂರಿಸಿದರೆ ಎಷ್ಟು ಮಾತು ಹೊರಡಬಹುದು ಎಂದು ಯೋಚಿಸಿ. 2024ರಲ್ಲಿ ವೆನಿಸ್ ಉತ್ಸವದಲ್ಲಿ ಮತ್ತೆ ಬೆಳಕು ಕಂಡ ಚಿತ್ರ ಅದು, ಇಲ್ಲಿನ ಎಷ್ಟು ಜನ ನೋಡಿದ್ದಾರೆ?

ಹಕ್ಕುದಾರರ ಒಪ್ಪಿಗೆಯಿಲ್ಲದೆ ಚಿತ್ರ ತೋರಿಸಬಾರದು. ಕೇಳಬೇಕು, ಬರೆಯಬೇಕು, ಕಾಯಬೇಕು. ಎಷ್ಟೋ ಕನ್ನಡ ನಿರ್ದೇಶಕರು ಇದೇ ನಗರದಲ್ಲಿದ್ದಾರೆ, ಕರೆದರೆ ಬಂದು ಕೂತು ಮಾತಾಡುವವರು ಇದ್ದಾರೆ. ಭಾಷಣ ಬೇಡ, ಸನ್ಮಾನ ಬೇಡ, ಶಾಲು ಹಾರ ಖಂಡಿತ ಬೇಡ. ಚಿತ್ರ, ಅದಾದ ಮೇಲೆ ಅರ್ಧ ಗಂಟೆ ಮಾತು, ಇಷ್ಟೇ. ಮೊದಲ ಮಾತು ಎಂದೂ ಸಭೆಯಲ್ಲಿ ಮಾತಾಡದವರದಾಗಿರಲಿ.

ಅಪಾರ್ಟ್‌ಮೆಂಟಿನ ಎಷ್ಟೋ ಸಂಘಗಳು ನೋಂದಣಿಯಾಗಿರುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಫಿಲಂ ಸೊಸೈಟಿಯನ್ನೂ ಅದೇ ಕಾಯ್ದೆಯಡಿ ನೋಂದಾಯಿಸಬಹುದು. ಅದು ಕೇಳುವುದು ಏಳು ಜನ ವಯಸ್ಕರನ್ನು. ಗೊಟ್ಟಿಗೆರೆಯ ಆ ಏಳು ಜನರಲ್ಲಿ ನನ್ನ ಹೆಸರು ಬರೆದುಕೊಳ್ಳಿ, ಉಳಿದವರು ಮುಂದೆ ಬನ್ನಿ.