ಅಗ್ಗದ ಆಕಾಶನೌಕೆ: ‘ಡಾರ್ಕ್ ಸ್ಟಾರ್’ ಚಿತ್ರದ ನಿರ್ಮಾಣ ಮತ್ತು ಸ್ವೀಕಾರ

ದೊಡ್ಡ ಸ್ಟುಡಿಯೋಗಳ ನೆರವಿಲ್ಲದೆ ಅಮೆರಿಕದಲ್ಲಿ ತಯಾರಾದ ವೈಜ್ಞಾನಿಕ ಕಲ್ಪನೆಯ ಚಿತ್ರಗಳ ಚರಿತ್ರೆಯಲ್ಲಿ ಹಣದ ಕೊರತೆಯ ಮಾತೇ ಹೆಚ್ಚಾಗಿ ಬರುತ್ತದಾದರೂ, ಅವುಗಳ ಹಣೆಬರಹವನ್ನು ಬರೆದದ್ದು ಬಂಡವಾಳಕ್ಕಿಂತ ಹೆಚ್ಚಾಗಿ ವಿತರಣೆಯೇ ಎಂಬುದಕ್ಕೆ ಜಾನ್ ಕಾರ್ಪೆಂಟರ್ ನಿರ್ದೇಶಿಸಿದ ‘ಡಾರ್ಕ್ ಸ್ಟಾರ್’ ನಿದರ್ಶನವಾಗಿದೆ.

1970ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿನಿಮಾ ವಿದ್ಯಾರ್ಥಿಗಳಾಗಿದ್ದ ಕಾರ್ಪೆಂಟರ್ ಮತ್ತು ಡ್ಯಾನ್ ಒಬ್ಯಾನನ್ ಇದನ್ನು 16 ಮಿ.ಮೀ. ಫಿಲ್ಮಿನಲ್ಲಿ, ಎಂದರೆ ಚಿತ್ರಮಂದಿರಗಳಲ್ಲಿ ಬಳಕೆಯಲ್ಲಿದ್ದ 35 ಮಿ.ಮೀ. ಫಿಲ್ಮಿನ ಅರ್ಧಕ್ಕೂ ಕಡಿಮೆ ಅಗಲದ ಅಗ್ಗದ ಸುರುಳಿಯಲ್ಲಿ, ಆರಂಭಿಸಿದರು. ಮನುಷ್ಯರ ವಸಾಹತುಗಳಿಗೆ ಅಪಾಯವಾಗಬಲ್ಲ ಅಸ್ಥಿರ ಗ್ರಹಗಳನ್ನು ಸಿಡಿಸುತ್ತ ವರ್ಷಗಟ್ಟಲೆ ಅಲೆದು ಬೇಸತ್ತ ನಾಲ್ವರು ನಾವಿಕರ ಕಥೆ ಇದು. ಒಬ್ಯಾನನ್ ಸಹಲೇಖಕನೂ ನಟನೂ ಸಂಕಲನಕಾರನೂ ಆಗಿದ್ದುದಲ್ಲದೆ ವಿಶೇಷ ಪರಿಣಾಮಗಳ ಹೊಣೆಯನ್ನೂ ಹೊತ್ತಿದ್ದನು. ನೌಕೆಯೊಳಗಿನ ಅನ್ಯಗ್ರಹದ ಜೀವಿಯಾಗಿ ಕಾಣಿಸಿಕೊಂಡದ್ದು ಪಂಜಗಳನ್ನು ಅಂಟಿಸಿದ, ಗಾಳಿ ತುಂಬಿದ ದೊಡ್ಡ ಚೆಂಡು. ಅದು ಚೆಂಡೆಂದು ಯಾರಿಗೂ ಮರೆಯಾಗದಿರುವುದರಲ್ಲೇ ಆ ದೃಶ್ಯದ ಹಾಸ್ಯವಿದೆ. ಆದರೆ ಸಿಡಿಯಲು ಹಟ ಹಿಡಿದ ಬಾಂಬಿನೊಡನೆ ನಾವಿಕನೊಬ್ಬ ಅಸ್ತಿತ್ವ ಮತ್ತು ಅರಿವಿನ ಪ್ರಮಾಣಗಳ ಕುರಿತು ವಾದಕ್ಕಿಳಿಯುವ ಪ್ರಸಂಗಕ್ಕೆ ಬೇಕಾದದ್ದು ಹಣವಲ್ಲ, ಬರವಣಿಗೆ; ಚಿತ್ರದ ನಿಜವಾದ ಬಲ ಇರುವುದೂ ಅಲ್ಲಿಯೇ.

ನಿರ್ಮಾಪಕ ಜ್ಯಾಕ್ ಹ್ಯಾರಿಸ್ ಚಿತ್ರದ ಹಕ್ಕನ್ನು ಪಡೆದು, ಇನ್ನಷ್ಟು ದೃಶ್ಯಗಳನ್ನು ಸೇರಿಸಿ ಉದ್ದಗೊಳಿಸಲು ಮತ್ತು 35 ಮಿ.ಮೀ.ಗೆ ಹಿಗ್ಗಿಸಲು ಹಣ ಒದಗಿಸಿದ ಮೇಲೂ ಒಟ್ಟು ವೆಚ್ಚ ಸುಮಾರು 60,000 ಡಾಲರ್ ಮಾತ್ರ ಆಗಿತ್ತು. ವಿದ್ಯಾರ್ಥಿ ಚಿತ್ರವೆಂದು ನೋಡಿದ್ದರೆ ಬೆರಗು ಹುಟ್ಟಿಸಬಹುದಾಗಿದ್ದ ಕೃತಿಯನ್ನು ಈ ವಿಸ್ತರಣೆ ವೃತ್ತಿಪರ ಚಿತ್ರಗಳ ಸಾಲಿಗೆ ತಂದು ನಿಲ್ಲಿಸಿತು. ನಿರ್ದೇಶಕ ಕುಬ್ರಿಕ್‌ನ ಬಾಹ್ಯಾಕಾಶ ಚಿತ್ರ ‘2001’ರ ವೈಭವವನ್ನು ಕಂಡಿದ್ದ ಪ್ರೇಕ್ಷಕರಿಗೆ ಇಲ್ಲಿ ಅದರ ಅಣಕಕ್ಕಿಂತ ಬಡತನವೇ ಮೊದಲು ಕಣ್ಣಿಗೆ ಬಿತ್ತು. 1974ರಲ್ಲಿ ಲಾಸ್ ಏಂಜಲೀಸ್‌ನ ಚಿತ್ರೋತ್ಸವದಲ್ಲಿ ತೆರೆಕಂಡು ಬಳಿಕ ಚಿತ್ರಮಂದಿರಗಳಿಗೆ ಬಂದಾಗ ಅದು ಹೆಚ್ಚು ಜನರನ್ನು ಸೆಳೆಯಲಿಲ್ಲ. ಜನ ನಗಲಿಲ್ಲವೆಂದು ನೊಂದ ಒಬ್ಯಾನನ್, ನಗಿಸಲಾಗದವರನ್ನು ಹೆದರಿಸಬಹುದೆಂದು ಲೆಕ್ಕ ಹಾಕಿ ನೌಕೆಯೊಳಗಿನ ಅನ್ಯಗ್ರಹದ ಜೀವಿಯ ಅದೇ ಸನ್ನಿವೇಶವನ್ನು ಭಯದ ಕಥೆಯಾಗಿ ತಿರುಗಿಸಿದ್ದರಿಂದ 1979ರ ‘ಏಲಿಯನ್’ ಹುಟ್ಟಿತು. ಮೂಲಚಿತ್ರಕ್ಕೆ ತಕ್ಕ ನೋಡುಗರು ದೊರೆತದ್ದು ವಿಡಿಯೋ ಕ್ಯಾಸೆಟ್ ಮನೆಗಳಿಗೆ ಬಂದ ನಂತರ.

ಮೂವತ್ತು ವರ್ಷಗಳ ಬಳಿಕ, ಗಣಿತ ಓದಿದ್ದ ಶೇನ್ ಕರೂತ್ ಸುಮಾರು 7,000 ಡಾಲರ್‌ಗಳಲ್ಲಿ ತಯಾರಿಸಿದ ಕಾಲಯಾನದ ಚಿತ್ರ ‘ಪ್ರೈಮರ್’ ಹಿಡಿದ ದಾರಿ ಬೇರೆಯಾಗಿತ್ತು. 2004ರ ಸನ್‌ಡ್ಯಾನ್ಸ್ ಚಿತ್ರೋತ್ಸವವು ಅದಕ್ಕೆ ತೀರ್ಪುಗಾರರ ಅತ್ಯುನ್ನತ ಪ್ರಶಸ್ತಿಯನ್ನೂ, ವಿಜ್ಞಾನವನ್ನು ಕುರಿತ ಚಿತ್ರಗಳಿಗೆ ಮೀಸಲಾದ ಸ್ಲೋನ್ ಪ್ರಶಸ್ತಿಯನ್ನೂ ಕೊಟ್ಟಿದ್ದರಿಂದ, ಒಮ್ಮೆ ನೋಡಿದರೆ ತಿಳಿಯದ ಅದರ ಕಥನವನ್ನು ಪ್ರೇಕ್ಷಕರು ದೋಷವೆಂದು ತಳ್ಳಿಹಾಕದೆ ಬಿಡಿಸಬೇಕಾದ ಲೆಕ್ಕವೆಂದು ಬಗೆದರು. ಡಿವಿಡಿಯನ್ನು ಮತ್ತೆ ಮತ್ತೆ ನೋಡಿ, ಪಾತ್ರಗಳು ಕಾಲದಲ್ಲಿ ಹಿಂದೆ ಹೋಗಿ ಬಂದ ಜಾಡುಗಳ ನಕ್ಷೆಗಳನ್ನೇ ರಚಿಸಿಕೊಂಡರು.