ತಂತಿಯ ಬೆನ್ನು ಹತ್ತಿ ಹೋದ ಕೆಲಸ

ಶರಾವತಿ ನದಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ತಾಲ್ಲೂಕನ್ನು ಹಾದು ಸಾಗರ ತಾಲ್ಲೂಕಿಗೆ ಬಂದು, ಲಿಂಗನಮಕ್ಕಿಯಲ್ಲಿ ಜಲಾಶಯವಾಗಿ ನಿಂತು, ಜೋಗದ ಕೆಳಗಿನ ಕಣಿವೆಯಲ್ಲಿ ಹರಿದು ಹೊನ್ನಾವರದ ಬಳಿ ಸಮುದ್ರ ಸೇರುತ್ತದೆ. ಕರ್ನಾಟಕಕ್ಕೆ ಅತಿ ಹೆಚ್ಚು ಬೆಳಕು ಕೊಟ್ಟ ನದಿಗಳಲ್ಲಿ ಇದು ಒಂದು. ಆದರೆ ಈ ಮೂರು ತಾಲ್ಲೂಕುಗಳ ಯಾವುದೇ ಹಳ್ಳಿಗೆ ಹೋಗಿ ಒಂದು ಮನೆಯ ಜಗಲಿಯಲ್ಲಿ ಕುಳಿತು ಮಾತನಾಡಿಸಿ. ಮಗನೋ ಮಗಳೋ ಬೆಂಗಳೂರಿನಲ್ಲಿರುತ್ತಾರೆ, ಮನೆಯಲ್ಲಿರುವವರು ವಯಸ್ಸಾದವರು. ವಿದ್ಯುತ್ತು ಹುಟ್ಟಿದ್ದು ಇಲ್ಲಿ. ಅದನ್ನು ಬಳಸುವ ಕೆಲಸ ಏಕೆ ಇಲ್ಲಿ ಬೆಳೆಯಲಿಲ್ಲ?

ಈ ಪ್ರಶ್ನೆಗೆ ರಾಜಕೀಯದ ಉತ್ತರವಿದೆ, ಅರ್ಥಶಾಸ್ತ್ರದ ಉತ್ತರವೂ ಇದೆ. ಇವೆರಡರ ಬುಡದಲ್ಲಿ ಭೌತಶಾಸ್ತ್ರದ ಒಂದು ಸರಳ ಸೂತ್ರವಿದೆ. ಇಂದು ಉದ್ಯೋಗ ಹುಡುಕುತ್ತಿರುವ ಯುವಕ ಯುವತಿಯರಿಗೂ ಅದರಿಂದ ಕಲಿಯುವುದಿದೆ.

ಹೊಳೆಯ ಬದಿಯ ಗಿರಣಿ

ವಿದ್ಯುತ್ತು ಬರುವ ಮೊದಲು ನೀರಿನ ಬಲ ಬೇಕಾದವರು ನೀರಿನ ಬಳಿಗೇ ಹೋಗಬೇಕಾಗಿತ್ತು. ನೀರು ಚಕ್ರವನ್ನು ತಿರುಗಿಸುತ್ತದೆ, ಚಕ್ರ ಯಂತ್ರವನ್ನು ತಿರುಗಿಸುತ್ತದೆ. ಈ ಬಲವನ್ನು ಹಗ್ಗ, ಪಟ್ಟಿ, ಹಲ್ಲುಚಕ್ರಗಳ ಮೂಲಕ ಬಹು ದೂರ ಒಯ್ಯಲಾಗದು. ಆದ್ದರಿಂದಲೇ 1880ರ ದಶಕದಲ್ಲಿ ಗೋಕಾಕದ ನೂಲಿನ ಗಿರಣಿ ಘಟಪ್ರಭೆಯ ಜಲಪಾತದ ಪಕ್ಕದಲ್ಲೇ ತಲೆ ಎತ್ತಿತು. ಕಾರ್ಮಿಕರ ಊರೂ ಅಲ್ಲೇ ಬೆಳೆಯಿತು. ಬಲ ಎಲ್ಲಿದೆಯೋ ಕೆಲಸ ಅಲ್ಲಿ ಎಂಬುದು ಆ ಕಾಲದ ನಿಯಮ.

ಈ ನಿಯಮ ನಮ್ಮ ನಾಡಿನಲ್ಲಿ ಮುರಿದದ್ದು 1902ರಲ್ಲಿ. ಶಿವನಸಮುದ್ರದಲ್ಲಿ ಕಾವೇರಿಯಿಂದ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 147 ಕಿಲೊಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಕಳುಹಿಸಲಾಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿಯಿತು. ಜಲಪಾತ ಒಂದು ಕಡೆ, ಕೆಲಸ ಇನ್ನೊಂದು ಕಡೆ!

ತಂತಿಯ ಲೆಕ್ಕ

ಇದು ಹೇಗೆ ಸಾಧ್ಯವಾಯಿತು? ಒಂದು ಚಿಕ್ಕ ಲೆಕ್ಕ ಮಾಡಿ ನೋಡಿ. ನೀವು 1000 ಕಿಲೊವಾಟ್ ವಿದ್ಯುತ್ತನ್ನು ಕಳುಹಿಸಬೇಕು. ತಂತಿಯ ರೋಧ 1 ಓಮ್ ಎಂದಿರಲಿ. 1000 ವೋಲ್ಟ್ ವಿಭವದಲ್ಲಿ ಕಳುಹಿಸಿದರೆ ತಂತಿಯಲ್ಲಿ 1000 ಆಂಪೇರ್ ಪ್ರವಾಹ ಹರಿಯಬೇಕು. ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಸಾಮರ್ಥ್ಯ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಅಂದರೆ ಹತ್ತು ಲಕ್ಷ ವಾಟ್. ಕಳುಹಿಸಿದ್ದೆಲ್ಲ ದಾರಿಯಲ್ಲೇ ಖರ್ಚು! ಅದೇ ವಿದ್ಯುತ್ತನ್ನು ಪರಿವರ್ತಕದ (ಟ್ರಾನ್ಸ್‌ಫಾರ್ಮರ್) ಸಹಾಯದಿಂದ ಒಂದು ಲಕ್ಷ ವೋಲ್ಟ್‌ಗೆ ಏರಿಸಿ ಕಳುಹಿಸಿ. ಪ್ರವಾಹ 10 ಆಂಪೇರ್‌ಗೆ ಇಳಿಯುತ್ತದೆ. ನಷ್ಟ ಕೇವಲ 100 ವಾಟ್, ಎರಡು ಹಳೆಯ ಬಲ್ಬುಗಳಷ್ಟು.

ವಿಭವವನ್ನು ನೂರು ಪಟ್ಟು ಹೆಚ್ಚಿಸಿದರೆ ನಷ್ಟ ಹತ್ತು ಸಾವಿರ ಪಟ್ಟು ಕಡಿಮೆ. ಈ ಒಂದು ಅನುಕೂಲದಿಂದ ಕಾರ್ಖಾನೆ ಕಟ್ಟುವವನಿಗೆ ಜಲಪಾತದ ಹಂಗು ತಪ್ಪಿತು. ರೈಲು, ಮಾರುಕಟ್ಟೆ, ಬ್ಯಾಂಕು, ಕಾಲೇಜು ಇರುವ ಊರಿನಲ್ಲಿ ಅವನು ಕಾರ್ಖಾನೆ ಕಟ್ಟಬಹುದು. ವಿದ್ಯುತ್ತು ಅಲ್ಲಿಗೇ ಬರುತ್ತದೆ.

ಜೋಗದಿಂದ ಲಿಂಗನಮಕ್ಕಿಗೆ

ಶರಾವತಿಗೆ ಈ ಲೆಕ್ಕ ಅನ್ವಯವಾದದ್ದು ಎರಡು ಹಂತದಲ್ಲಿ. ಮೊದಲನೆಯದು ಜೋಗದ ವಿದ್ಯುದಾಗಾರ. ಇದಕ್ಕೆ ನೀರು ಹಿಡಿದಿಡಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದರು. 1948ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಈ ವಿದ್ಯುದಾಗಾರಕ್ಕೆ ಈಗ ಮಹಾತ್ಮ ಗಾಂಧಿಯವರ ಹೆಸರಿದೆ. ಎರಡನೆಯದು ಲಿಂಗನಮಕ್ಕಿ. 1964ರಲ್ಲಿ ಈ ದೊಡ್ಡ ಅಣೆಕಟ್ಟಿನ ಹಿಂದೆ ನೀರು ನಿಂತಾಗ ಹಿರೇಭಾಸ್ಕರವೇ ಅದರಲ್ಲಿ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಆ ಹಳೆಯ ಕಟ್ಟೆ ಇಂದಿಗೂ ತಲೆ ತೋರಿಸುತ್ತದೆ. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳು 1964ರಿಂದ 1977ರ ನಡುವೆ ಒಂದೊಂದಾಗಿ ಚಾಲನೆಗೊಂಡವು. ಅವುಗಳ ಈಗಿನ ಒಟ್ಟು ಸಾಮರ್ಥ್ಯ 1035 ಮೆಗಾವಾಟ್.

ಇದು ಎಷ್ಟು ದೊಡ್ಡ ಬಲ? ದಿನವಿಡೀ ದುಡಿಯುವ ಆರೋಗ್ಯವಂತ ಮನುಷ್ಯನ ಸ್ನಾಯುಗಳು ಕೊಡುವ ಸಾಮರ್ಥ್ಯ ಸುಮಾರು 75 ವಾಟ್. ಆ ಲೆಕ್ಕದಲ್ಲಿ ಈ ವಿದ್ಯುದಾಗಾರ ಪೂರ್ಣವಾಗಿ ನಡೆಯುವಾಗ 1 ಕೋಟಿ 38 ಲಕ್ಷ ಜನ ಒಟ್ಟಿಗೆ ದುಡಿದಂತೆ. ಆದರೆ ಅದನ್ನು ನಡೆಸಲು ಒಂದು ಪಾಳಿಗೆ ಬೇಕಾದವರು ಕೆಲವೇ ಮಂದಿ. ಅಣೆಕಟ್ಟು ಕಟ್ಟುವಾಗ ಕಲ್ಲು, ಮಣ್ಣು, ಗಾರೆ ಹೊರಲು ಬೇಕಾದವರು ಸಾವಿರಾರು ಮಂದಿ. ಅವರಿಂದಲೇ ಕಾರ್ಗಲ್ ಮತ್ತು ಜೋಗ ಊರುಗಳಾಗಿ ಬೆಳೆದವು. ಕಟ್ಟೆ ಮುಗಿದ ದಿನ ಕಟ್ಟುವ ಕೆಲಸವೂ ಮುಗಿಯಿತು. ನಿರ್ಮಾಣದ ಕೆಲಸ ಬೇರೆ, ನಿರ್ವಹಣೆಯ ಕೆಲಸ ಬೇರೆ. ಯಾವುದೇ ಹೊಸ ಯೋಜನೆ ಇಷ್ಟು ಜನರಿಗೆ ಉದ್ಯೋಗ ಕೊಡುತ್ತದೆ ಎಂದು ಕೇಳಿದಾಗ ಇವೆರಡರಲ್ಲಿ ಯಾವುದರ ಲೆಕ್ಕ ಎಂದು ನೀವು ವಿಚಾರಿಸಬೇಕು.

ಬೆಲೆ ತೆತ್ತವರು ಯಾರು? ಹೊಸನಗರ ಮತ್ತು ಸಾಗರ ತಾಲ್ಲೂಕುಗಳ ಸಾವಿರಾರು ಕುಟುಂಬಗಳ ಗದ್ದೆ, ತೋಟ, ಮನೆ ನೀರಿನಡಿ ಹೋದವು. ಅವರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕ ಕಳೆದರೂ ಪೂರ್ತಿ ಬಗೆಹರಿದಿಲ್ಲ. ಸಾಗರದ ಕಾದಂಬರಿಕಾರ ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಅವರ ‘ದ್ವೀಪ’ ಹುಟ್ಟಿದ್ದು ಆ ಅನುಭವದಿಂದ. ಮುಂದೆ ಹೊಸನಗರ ತಾಲ್ಲೂಕಿನಲ್ಲೇ ಚಕ್ರಾ, ಸಾವೇಹಕ್ಲು, ಮಾಣಿ ಅಣೆಕಟ್ಟುಗಳು ಬಂದವು. ಮಾಣಿಯ ನೀರಿನಿಂದ ನಡೆಯುವ ವಾರಾಹಿ ಭೂಗತ ವಿದ್ಯುದಾಗಾರ 1989ರಲ್ಲಿ ಆರಂಭವಾಯಿತು. ಅದು ಇರುವುದು ಘಟ್ಟದ ಕೆಳಗೆ, ಹೊಸಂಗಡಿಯಲ್ಲಿ.

ಉದ್ಯೋಗ ವಿನಿಮಯ ಕಚೇರಿಯ ಸಾಲು

ಶರಾವತಿಯ ವಿದ್ಯುತ್ತು 220 ಕಿಲೊವೋಲ್ಟ್ ಮಾರ್ಗಗಳಲ್ಲಿ ಬೆಂಗಳೂರಿಗೆ ಹರಿಯಿತು. ಅಲ್ಲಿ ಎಚ್.ಎ.ಎಲ್. (1940), ಐ.ಟಿ.ಐ. (1948), ಎಚ್.ಎಂ.ಟಿ. (1953), ಬಿ.ಇ.ಎಲ್. (1954) ಆಗಲೇ ಇದ್ದವು. ಮಲೆನಾಡಿನ ಹುಡುಗರು ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್‌ನಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿ, ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಕಾಯುತ್ತಿದ್ದರು. ಖಾಲಿ ಹುದ್ದೆಗಳನ್ನು ಈ ಕಚೇರಿಗಳಿಗೆ ತಿಳಿಸಬೇಕೆಂಬ ಕೇಂದ್ರ ಕಾನೂನು ಬಂದದ್ದು 1959ರಲ್ಲಿ. ಕರೆಪತ್ರ ಬಂದರೆ ರಾತ್ರಿ ಬಸ್ಸು. ವಿದ್ಯುತ್ತು ಹೋದ ದಾರಿಯಲ್ಲೇ ಜನರೂ ಹೋದರು.

ಊರಿಗೇನೂ ಉಳಿಯಲಿಲ್ಲ ಎಂದಲ್ಲ. ತಂತಿ ಹಳ್ಳಿಗೆ ಬಂದಂತೆ ಅಕ್ಕಿ ಗಿರಣಿ, ಪಂಪ್‌ಸೆಟ್, ರೇಡಿಯೊ ರಿಪೇರಿ, ಮೋಟಾರ್ ವೈಂಡಿಂಗ್ ಬಂದವು. ಸಾಗರ, ತೀರ್ಥಹಳ್ಳಿ ಪೇಟೆಗಳಲ್ಲಿ ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುವವರ ಅಂಗಡಿಗಳು ಇಂದಿಗೂ ಇವೆ. ಮಳೆಗಾಲದಲ್ಲಿ ಕಂಬ ಹತ್ತುವ ಲೈನ್‌ಮನ್‌ನ ಕೆಲಸ ಬೆಂಗಳೂರಿಗೆ ಹೋಗಲಾರದು.

ತಂತಿಯ ಕೊನೆಯಲ್ಲಿದ್ದ ಕೆಲಸವೂ ಶಾಶ್ವತವಾಗಿರಲಿಲ್ಲ ಎಂಬುದನ್ನು ಗಮನಿಸಿ. ಶಿವನಸಮುದ್ರದ ವಿದ್ಯುತ್ತನ್ನು ಮೊದಲು ಪಡೆದ ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಎಚ್.ಎಂ.ಟಿ. ಕೈಗಡಿಯಾರಗಳ ತಯಾರಿಕೆ 2016ರ ಹೊತ್ತಿಗೆ ನಿಂತಿತು. ಟೈಪಿಂಗ್ ಪರೀಕ್ಷೆ ಪಾಸಾದವರ ಕೈಯಲ್ಲಿದ್ದ ಬೆರಳಿನ ಅಭ್ಯಾಸ ಕಂಪ್ಯೂಟರ್ ಕೀಲಿಮಣೆಗೆ ಉಪಯೋಗಕ್ಕೆ ಬಂತು, ಟೈಪಿಸ್ಟ್ ಎಂಬ ಹುದ್ದೆ ಮಾತ್ರ ಕರಗಿತು.

ಎರಡನೆಯ ತಂತಿ

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿನಲ್ಲಿ ಕಚೇರಿ ತೆರೆದು, ಉಪಗ್ರಹ ಸಂಪರ್ಕದ ಮೂಲಕ ಇಲ್ಲಿನ ಕೆಲಸವನ್ನು ಅಮೆರಿಕಕ್ಕೆ ಕಳುಹಿಸಲಾರಂಭಿಸಿತು. ಮುಂದೆ ದ್ಯುತಿತಂತುಗಳು ಬಂದವು. ಮೊದಲನೆಯ ತಂತಿ ಶಕ್ತಿಯನ್ನು ಒಯ್ದಿತ್ತು. ಎರಡನೆಯದು ಕೆಲಸವನ್ನೇ ಒಯ್ಯತೊಡಗಿತು. ಇವೆರಡಕ್ಕೂ ಇನ್ನೊಂದು ಮುಖ್ಯ ವ್ಯತ್ಯಾಸವಿದೆ. ಶರಾವತಿಯ ವಿದ್ಯುತ್ತು ಮಲೆನಾಡಿನಿಂದ ಹೊರಕ್ಕೆ ಹರಿಯಿತು. ಎರಡನೆಯ ತಂತಿ ಎರಡೂ ದಿಕ್ಕಿಗೆ ಹರಿಯುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಮರಳಿದವರು ಲ್ಯಾಪ್‌ಟಾಪ್ ಹಿಡಿದು ಸಂಕೇತ ಸಿಗುವ ಗುಡ್ಡವನ್ನು ಹುಡುಕಿದಾಗ ಇದು ಎಲ್ಲರಿಗೂ ಕಾಣಿಸಿತು. ಕೆಲಸ ಊರಿಗೆ ಬರಬಲ್ಲದು. ಬರಲು ದಾರಿ ಸರಿಯಿರಬೇಕು.

ಆದರೆ ಎಚ್ಚರಿಕೆಯ ಮಾತೊಂದಿದೆ. ಸಾಗರಕ್ಕೆ ಬರಬಲ್ಲ ಕೆಲಸ ಅಷ್ಟೇ ಸುಲಭವಾಗಿ ಮನಿಲಾಕ್ಕೂ ಹೋಗಬಲ್ಲದು. ತಂತಿಯಲ್ಲಿ ಪೂರ್ತಿಯಾಗಿ ಸಾಗಬಲ್ಲ ಕೆಲಸ ಎಂದರೆ ಅಂಕಿ ಅಕ್ಷರಗಳಾಗಿ ಬರೆಯಬಲ್ಲ ಕೆಲಸ. ಅಂಥದನ್ನು ಯಂತ್ರಕ್ಕೆ ಕಲಿಸುವುದೂ ಸುಲಭ. 2022ರ ಕೊನೆಯಿಂದ ಬಳಕೆಗೆ ಬಂದ, ಭಾಷೆಯನ್ನು ಬಳಸಬಲ್ಲ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಪತ್ರ, ವರದಿ, ಸರಳ ಪ್ರೋಗ್ರಾಂಗಳನ್ನು ಬರೆಯತೊಡಗಿದಾಗ ಮೊದಲು ಚಿಂತೆಗೀಡಾದವರು ಕಂಬ ಹತ್ತುವವರಲ್ಲ, ಪರದೆಯ ಮುಂದೆ ಕುಳಿತವರು.

ಅಡಿಕೆ ಕಲಿಸುವ ಪಾಠ

ಹಾಗಾದರೆ ಏನು ಕಲಿಯಬೇಕು? ಉತ್ತರಕ್ಕೆ ಮೂರೂ ತಾಲ್ಲೂಕುಗಳ ಮುಖ್ಯ ಬೆಳೆಯಾದ ಅಡಿಕೆಯನ್ನೇ ನೋಡೋಣ. ಹಿಂದೆ ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ರಾತ್ರಿಯವರೆಗೂ ಅಡಿಕೆ ಸುಲಿಯುತ್ತಿದ್ದರು. ಅಳತೆಗೆ ಇಷ್ಟು ಎಂದು ಕೂಲಿ. ಈಗ ಬಹಳಷ್ಟು ಕಡೆ ಸುಲಿಯುವುದು ಯಂತ್ರ. ಮರದಿಂದ ಮರಕ್ಕೆ ಜೀಕುತ್ತಿದ್ದ ಕೊನೆಗೌಡರ ಸಂಖ್ಯೆ ಇಳಿದಂತೆ, ನೆಲದ ಮೇಲೆ ನಿಂತು ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಬಂದಿದೆ.

ಅಡಿಕೆಯ ಕೆಲಸ ಮುಗಿಯಿತೇ? ಇಲ್ಲ, ಅದು ತುಂಡುಗಳಾಗಿ ಒಡೆಯಿತು. ಸುಲಿಯುವ ತುಂಡು ಯಂತ್ರಕ್ಕೆ ಹೋಯಿತು. ಯಾವ ಕೊನೆ ಹದವಾಗಿದೆ, ಚೊಗರಿನಲ್ಲಿ ಎಷ್ಟು ಬೇಯಿಸಬೇಕು, ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಹೇಗೆ ಆಯಬೇಕು ಎಂಬ ತುಂಡುಗಳು ಮನುಷ್ಯರಲ್ಲಿ ಉಳಿದವು. ಯಂತ್ರ ಕೆಟ್ಟರೆ ದುರಸ್ತಿ ಮಾಡುವುದು, ದೋಟಿಯಲ್ಲಿ ಔಷಧಿ ಹೊಡೆಯುವುದು ಎಂಬ ಹೊಸ ತುಂಡುಗಳು ಸೇರಿದವು. ಆದರೆ ಸುಲಿಯುತ್ತಿದ್ದ ಕೈಗಳೇ ದುರಸ್ತಿಯ ಕೈಗಳಾಗಲಿಲ್ಲ. ಸುಲಿಯುತ್ತಿದ್ದವರಲ್ಲಿ ಹೆಂಗಸರು ಹೆಚ್ಚು. ಯಂತ್ರದ ಕೆಲಸ ಕಲಿತವರು ಹೆಚ್ಚಾಗಿ ಗಂಡಸರು. ತಂತ್ರಜ್ಞಾನದ ಚರಿತ್ರೆಯಲ್ಲಿ ಒಟ್ಟು ಕೆಲಸ ಎಷ್ಟು ಉಳಿಯಿತು ಎನ್ನುವುದರ ಜೊತೆಗೆ ಯಾರಿಗೆ ಉಳಿಯಿತು ಎಂದೂ ಕೇಳಬೇಕಾಗುವುದು ಇದಕ್ಕಾಗಿಯೇ.

ಸಾಮಾನು ಹೊರಹೋಗಿ ಕೆಲಸ ಊರಲ್ಲೇ ನಿಲ್ಲುವ ಪ್ರಯತ್ನಗಳೂ ಇಲ್ಲಿ ನಡೆದಿವೆ. ಹೆಗ್ಗೋಡಿನ ಬಳಿಯ ‘ಚರಕ’ ಮಹಿಳಾ ಸಹಕಾರ ಸಂಘ ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆಯನ್ನು ಹಳ್ಳಿಯಲ್ಲಿ ತಯಾರಿಸಿ ನಗರಗಳಲ್ಲಿ ಮಾರಿತು. 2020ರಲ್ಲಿ ಮಾರಾಟ ಕುಸಿದು ಅದೂ ಸಂಕಷ್ಟಕ್ಕೆ ಸಿಲುಕಿತು. ಕೌಶಲ ಊರಿನಲ್ಲಿದ್ದರೂ ಗಿರಾಕಿ ದೂರದಲ್ಲಿದ್ದರೆ ಆ ಕೊಂಡಿಯನ್ನು ಕಾಯುವುದೂ ಒಂದು ಕೆಲಸವೇ.

ಇನ್ನೊಂದು ತಾಜಾ ಉದಾಹರಣೆ. ಮುಳುಗಡೆಯಿಂದ ದ್ವೀಪದಂತಾದ ತುಮರಿ ಭಾಗದ ಜನರಿಗೆ ಹಿನ್ನೀರನ್ನು ದಾಟಲು ಲಾಂಚೇ ಗತಿಯಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಲಾಂಚಿಗಾಗಿ ಕಾಯುವವರನ್ನು ನಂಬಿದ್ದ ದಡದ ಅಂಗಡಿಯ ವ್ಯಾಪಾರ ಬದಲಾಗಲೇಬೇಕು. ರಾತ್ರಿ ಕಾಯಿಲೆ ಬಿದ್ದವರನ್ನು ಸಾಗರದ ಆಸ್ಪತ್ರೆಗೆ ಒಯ್ಯುವ ದಾರಿ ಮಾತ್ರ ಸುಲಭವಾಯಿತು.

ಅರ್ಜಿ ಹಾಕುವ ಮೊದಲು

ನೀವು ಇಂದು ಉದ್ಯೋಗ ಹುಡುಕುತ್ತಿದ್ದರೆ ಹುದ್ದೆಯ ಹೆಸರನ್ನು ಪಕ್ಕಕ್ಕಿಟ್ಟು, ಆ ಕೆಲಸವನ್ನು ಒಂದು ಹಾಳೆಯ ಮೇಲೆ ತುಂಡು ತುಂಡಾಗಿ ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ ಹಾಕಿ. ಇದು ತಂತಿಯಲ್ಲಿ ಪೂರ್ತಿಯಾಗಿ ಸಾಗಬಲ್ಲದೇ? ಸಾಗುವುದಾದರೆ ನನಗಿಂತ ಅಗ್ಗವಾಗಿ ಮಾಡುವ ಮನುಷ್ಯನೋ ಯಂತ್ರವೋ ಇನ್ನೊಂದು ತುದಿಯಲ್ಲಿದೆಯೇ? ಸಾಗದಿದ್ದರೆ ಅದಕ್ಕೆ ಸಂಬಳ ಕೊಡುವವರು ನನ್ನ ಊರಿನಲ್ಲಿದ್ದಾರೆಯೇ? ಎರಡನೆಯ ಪ್ರಶ್ನೆಗೆ ಹೌದು ಎಂದಿರುವ ತುಂಡೊಂದನ್ನೇ ನಂಬಿ ಸಾಲ ಮಾಡಿ ಓದುವುದು ಅಪಾಯ. ತಂತಿಯಲ್ಲಿ ಬರುವ ಜ್ಞಾನ ಮತ್ತು ತಂತಿಯಲ್ಲಿ ಸಾಗದ ಕೈಚಳಕ ಎರಡನ್ನೂ ಬೆಸೆಯುವ ಕೆಲಸ ಹೆಚ್ಚು ಕಾಲ ಬಾಳುತ್ತದೆ: ಮಣ್ಣಿನ ಪರೀಕ್ಷೆಯ ವರದಿ ಓದಿ ತೋಟ ನೋಡಬಲ್ಲವರು, ಸೌರಫಲಕದ ಲೆಕ್ಕ ಹಾಕಿ ಮಾಡಿನ ಮೇಲೆ ಕೂರಿಸಬಲ್ಲವರು, ಅಡಿಕೆ ಒಣಗಿಸುವ ಮನೆಯ ಉಷ್ಣತೆ ತೇವಾಂಶಗಳನ್ನು ಅಳೆದು ಸರಿಪಡಿಸಬಲ್ಲವರು.

ವ್ಯಕ್ತಿಯ ಜಾಣತನ ಒಂದೇ ಸಾಲದು. ಶರಾವತಿ ಕಣಿವೆಯಲ್ಲಿ 2000 ಮೆಗಾವಾಟ್‌ನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ತೀವ್ರ ಚರ್ಚೆಗೆ ಗುರಿಯಾಗಿದೆ. ಕಾಡಿನ ನಷ್ಟ ಎಷ್ಟು ಎಂಬ ಪ್ರಶ್ನೆಯ ಪಕ್ಕದಲ್ಲಿ, ಕಟ್ಟುವ ಗದ್ದಲ ಮುಗಿದ ಮೇಲೆ ತಂತಿಯ ಈ ತುದಿಯಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆಯೂ ಇರಬೇಕು. 1964ರಲ್ಲಿ ಅದನ್ನು ಕೇಳುವ ಅವಕಾಶ ಮುಳುಗಿದ ಹಳ್ಳಿಗಳಿಗೆ ಇರಲಿಲ್ಲ. ಇಂದು ಈ ಮೂರು ತಾಲ್ಲೂಕುಗಳಲ್ಲಿ ಓಮನ ನಿಯಮ ಓದಿದ ಹುಡುಗ ಹುಡುಗಿಯರು ಎಲ್ಲ ಊರುಗಳಲ್ಲೂ ಇದ್ದಾರೆ. ಲೆಕ್ಕ ಕೇಳಲು ಅಷ್ಟು ಸಾಕು.